ಬೆನಕಪ್ಪನವರು ಬೆಕ್ಕಿಗಾಗಿ ಸೀರೆ ಉಟ್ಟಿದ್ದು

ನಮ್ಮ ಪಕ್ಕದ ಮನೆಯ ಬೆನಕಪ್ಪನವರು ಸೀರೆ ಉಟ್ಟ ಸುದ್ದಿ ಶಿಕಾರಿಪುರದಲ್ಲಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಬಣ್ಣ ಪಡೆದಿದೆ. ಬಸ್ ಸ್ಟ್ಯಾಂಡಿನ ಹೋಟೆಲಿನವರ ಪ್ರಕಾರ ಅದು ಕೆಂಪು ಸೀರೆ. ಮಾರ್ಕೆಟ್ ಯಾರ್ಡಿನಲ್ಲಿ ಅದಕ್ಕೆ ಜರಿ ಅಂಚು ಬಂದಿದೆ. ಸುದ್ದಿ ಸೊರಬ ಮುಟ್ಟುವ ಹೊತ್ತಿಗೆ ಬೆನಕಪ್ಪನವರು ಕುಪ್ಪಸ ತೊಟ್ಟು ಹೂವನ್ನೂ ಮುಡಿದಿದ್ದರಂತೆ. ಯಾವುದೂ ನಿಜವಲ್ಲ. ಅದು ಹಸಿರು ಚೌಕಳಿಯ, ಸವೆದು ತೆಳುವಾದ ಹತ್ತಿ ಸೀರೆ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ಅದರ ನೆರಿಗೆ ಹಿಡಿದವನು ನಾನೇ. ಹೈಸ್ಕೂಲಿನಲ್ಲಿ ಊರೂರಿನ ಇತಿಹಾಸ ಹೇಳಿಕೊಂಡು ಬಂದವನಿಗೆ ನಮ್ಮೂರಿನ ಇತಿಹಾಸದಲ್ಲಿ ಸಿಕ್ಕಿದ್ದು ಇದೊಂದೇ ಪಾತ್ರ. ಅದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ಬೆನಕಪ್ಪನವರದು ದಲಾಲಿ ಮಂಡಿ. ಮೆಕ್ಕೆಜೋಳ, ಭತ್ತ. ಈಗ ಟೆಂಡರೆಲ್ಲ ಕಂಪ್ಯೂಟರಿನಲ್ಲಿ ಆಗುತ್ತದಾದರೂ ಅವರ ಗಂಟಲು ಮಾತ್ರ ಹರಾಜು ಕೂಗುವ ಕಾಲದ್ದೇ. ಅವರು ಮಂಡಿಯಲ್ಲಿ ಕೆಮ್ಮಿದರೆ ಗೇಟಿನಲ್ಲಿ ನಿಂತ ಟ್ರ್ಯಾಕ್ಟರಿನ ಮೇಲ್ತುದಿಯ ಚೀಲವೂ ಸರಿಯಾಗಿ ಕೂರುತ್ತದೆ ಎನ್ನುತ್ತಾರೆ. ಮನೆಯಲ್ಲಿ ಆ ಗಂಟಲಿಗೆ ಕೆಲಸ ಕಡಿಮೆ, ಕೈಗೆ ಇನ್ನೂ ಕಡಿಮೆ. ಟವೆಲ್ ತಾನಾಗಿ ಹೆಗಲಿಗೆ ಬರಬೇಕು, ಚೊಂಬು ತಾನಾಗಿ ಕೈಗೆ ಬರಬೇಕು. ಒಮ್ಮೆ ಹೆಂಡತಿ ಮಹಾದೇವಮ್ಮ ಯಾವುದೋ ಮದುವೆಗೆ ಹೋಗಿದ್ದಾಗ ಒಲೆಯ ಮೇಲಿನ ಹಾಲನ್ನು ನೋಡುತ್ತ ಕೂತು, ಗೋಡೆಯಾಚೆಯಿಂದ ನನಗೆ, "ಮೇಷ್ಟ್ರೇ, ಹಾಲು ಉಕ್ತಾ ಐತೆ ನೋಡ್ರಿ," ಎಂದು ಸುದ್ದಿ ಮುಟ್ಟಿಸಿದ ಮಹಾನುಭಾವರು. ನಾನು ಗೋಡೆ ಹಾರಿ ಹೋಗುವಷ್ಟರಲ್ಲಿ ಹಾಲೂ ಪಾತ್ರೆ ಹಾರಿತ್ತು.

ಆ ಮನೆಯ ಮುಂಭಾಗದಲ್ಲೇ ಗೋದಾಮು. ಅಲ್ಲಿನ ಇಲಿಗಳಿಗಾಗಿ ಬಂದವಳು ಚಿಗಳಿ. ಎಳ್ಳು ಬೆಲ್ಲ ಕುಟ್ಟಿ ಉಂಡೆ ಕಟ್ಟಿದರೆ ಯಾವ ಬಣ್ಣವೋ ಆ ಬಣ್ಣದ ಬೆಕ್ಕು, ಅದಕ್ಕೇ ಆ ಹೆಸರು. ಗೋದಾಮಿನ ಶಟರಿನ ಸ್ಪ್ರಿಂಗು ಹೋಗಿ ಬಹಳ ಕಾಲವಾಗಿತ್ತು. "ಮಾಡ್ಸಣ, ಮಾಡ್ಸಣ," ಎನ್ನುತ್ತಲೇ ಬೆನಕಪ್ಪನವರು ಅದಕ್ಕೊಂದು ಬಿದಿರಿನ ಕೋಲು ಆನಿಸಿಟ್ಟಿದ್ದರು. ಒಂದು ಮಧ್ಯಾಹ್ನ ಕೋಲು ಜಾರಿತು. ಶಟರ್ ಚಿಗಳಿಯ ಬಾಲದ ಮೇಲೆ ಬಿತ್ತು. ಹೆದರಿದ ಬೆಕ್ಕು ಇದ್ದ ಬಲವೆಲ್ಲ ಹಾಕಿ ಎಳೆದುಕೊಂಡು ಓಡಿತು. ಗಾಯ ಅಂತ ಹೇಳುವಂಥದ್ದೇನೂ ಇರಲಿಲ್ಲ. ಆದರೆ ಬಾಲ ಒದ್ದೆ ಹಗ್ಗದ ಹಾಗೆ ಜೋತುಬಿತ್ತು. ಅವತ್ತಿನಿಂದ ಕೂತಲ್ಲಿ, ಮಲಗಿದಲ್ಲಿ ತೊಟ್ಟಿಕ್ಕತೊಡಗಿತು.

ದನದಾಸ್ಪತ್ರೆಯ ಡಾಕ್ಟರು ಸೌಂದರ್ಯ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು. "ಬಾಲದ ಬುಡದ ನರ ಹರಿದಿದೆ ಅಮ್ಮಾ. ಉಚ್ಚೆ ಚೀಲ ತುಂಬಿದ್ದು ಇವಳಿಗೆ ತಿಳಿಯಲ್ಲ. ಖಾಲಿ ಮಾಡಕ್ಕೂ ಬರಲ್ಲ. ತುಂಬಿ ತುಳುಕಿದ್ದಷ್ಟೇ ಹೊರಗೆ ಬರೋದು. ಬೆಳಿಗ್ಗೆ, ಸಂಜೆ ನೀವೇ ಹೊಟ್ಟೆ ಒತ್ತಿ ತೆಗೀಬೇಕು. ಬಿಟ್ಟರೆ ಉಳಿಯಲ್ಲ. ಹಾಗಂತ ಹೊಟ್ಟೆ ಬಿಗಿ ಹಿಡಿದಾಗ ಜೋರು ಮಾಡಿ ಒತ್ತಬೇಡಿ, ಚೀಲ ಒಡೆಯುತ್ತೆ," ಎಂದು ಮಹಾದೇವಮ್ಮನ ಕೈಮೇಲೆ ಕೈಯಿಟ್ಟು ತೋರಿಸಿಕೊಟ್ಟರು.

ಬೆನಕಪ್ಪನವರು ಮನೆಗೆ ಬಂದು, "ಇದೆಲ್ಲ ಆಗೋ ಹೋಗೋ ಮಾತಲ್ಲ. ಅಂಜನಾಪುರ ಡ್ಯಾಮಿನ ಹತ್ರ ಬಿಟ್ಟು ಬರಣ, ಮೀನು ತಿನ್ಕಂಡು ಇರ್ತೈತೆ," ಎಂದರು.

"ಬಿಟ್ಟು ಬರ್ರಿ. ಅಲ್ಲಿ ಅದು ಸತ್ರೆ ಆ ಪಾಪಕ್ಕೆ ಬಂಗಾರದ ಬೆಕ್ಕು ಮಾಡ್ಸಿ ಕಾಶಿಗೆ ಹಾಕಾಕೆ ನೀವೇ ಹೋಗ್ರಿ," ಎಂದರು ಮಹಾದೇವಮ್ಮ.

ಬಂಗಾರದ ಈಗಿನ ರೇಟು ನೆನೆದು ಬೆನಕಪ್ಪನವರ ಜೀವದಯೆ ಒಮ್ಮೆಲೇ ಹೆಚ್ಚಿತು. ಬೆಕ್ಕು ಉಳಿಯಿತು.

ಉಳಿಸಿಕೊಂಡವರು ಮಾತ್ರ ಮಹಾದೇವಮ್ಮ. ಗಂಡನ ಹಳೇ ಪಂಚೆಗಳನ್ನೆಲ್ಲ ಚೌಕ ಚೌಕ ಹರಿದರು. ರೈಸ್‌ಮಿಲ್ಲಿನಿಂದ ಭತ್ತದ ಹೊಟ್ಟು ತರಿಸಿ ಹಳೇ ಪರಾತದಲ್ಲಿ ಹರವಿ ಹಾಸಿಗೆ ಮಾಡಿದರು. ಒದ್ದೆಯಾಗಿ ಕೆಂಪಾದ ತೊಡೆಗೆ ಬಿಸಿನೀರಿನ ಬಟ್ಟೆ, ಆಮೇಲೆ ಕೊಬ್ಬರಿ ಎಣ್ಣೆ. ದೇವರ ಕೋಣೆಯ ಬಾಗಿಲಿಗೆ ಅಡ್ಡ ಹಲಗೆ. ಪಾದಪೂಜೆಗೆ ಬಂದ ಅಯ್ಯನವರು ಒಮ್ಮೆ ಮೂಗು ಅರಳಿಸಿ ಆಚೀಚೆ ನೋಡಿದಾಗ, "ಮನೇಲಿ ಕೂಸೈತ್ರಿ ಅಯ್ಯಾ," ಎಂದರಂತೆ. ಅಯ್ಯನವರು ಕೂಸಿಗೂ ವಿಭೂತಿ ಹಚ್ಚಿ ಹೋದರು.

ಹೀಗೆ ಎರಡು ವರ್ಷ ನಡೆಯಿತು. ಬೆಳಿಗ್ಗೆ ಬೆನಕಪ್ಪನವರು ಲಿಂಗಪೂಜೆಗೆ ಕೂತ ಹೊತ್ತಿಗೆ ಒಂದು ಸಲ, ಸಂಜೆ ಅವರು ಮಂಡಿಯಲ್ಲಿರುವ ಹೊತ್ತಿಗೆ ಒಂದು ಸಲ ಮಹಾದೇವಮ್ಮ ಹಿತ್ತಿಲ ಕಟ್ಟೆಯ ಮೇಲೆ ಕೂತು ಚಿಗಳಿಯನ್ನು ಒತ್ತುವರು. ನಮ್ಮದೂ ಅವರದೂ ನಡುವೆ ಒಂದೇ ಗೋಡೆ. ಗೋಡೆಯಾಚೆಯಿಂದ ಅದೇ ಹೊತ್ತಿಗೆ ಅವರ ಬೈಗುಳ ನಿತ್ಯ ಕೇಳುತ್ತಿತ್ತು. ಎಲ್ಲಾ ಗಂಡನ ಮೇಲೆ. ಒಂದು ಕಡೆಯಿಂದ ಶುರುವಾಗಿ ಒಂದು ಕಡೆಗೆ ಮುಗಿಯುವ, ರೇಡಿಯೋ ವಾರ್ತೆಯಂಥ ಶಿಸ್ತಿನ ಬೈಗುಳ. ಅಷ್ಟು ಕೇಳಿಯೂ ಬೆನಕಪ್ಪನವರು ತುಟಿ ಬಿಚ್ಚುವುದಿಲ್ಲವಲ್ಲ ಎಂದು ನನಗೆ ಅವರ ಮೇಲೆ ಭಕ್ತಿಯೇ ಹುಟ್ಟಿತ್ತು. "ನೋಡು, ಗಂಡಸಿನ ತಾಳ್ಮೆ ಅಂದ್ರೆ ಅದು," ಎಂದು ಹೆಂಡತಿಗೆ ಹೇಳಿದ್ದೆ. "ಕಿವಿ ಮಂದ ಇರಬೇಕು," ಎಂದಿದ್ದಳು.

ಈ ನಡುವೆ ಮಹಾದೇವಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು ಎಂದು ಗೊತ್ತಾಯಿತು. ಒಂದು ಮಿರ್ಚಿ ತಿಂದರೆ ರಾತ್ರಿಯಿಡೀ ಒದ್ದಾಟ. ಶಿವಮೊಗ್ಗದ ಡಾಕ್ಟರು ಆಪರೇಷನ್ ತಡ ಮಾಡಬೇಡಿ ಎಂದರು. ಅಲ್ಲೇ ಇರುವ ಮಗಳು ಶೃತಿ ಎಲ್ಲ ಗೊತ್ತು ಮಾಡಿದಳು. ಆಪರೇಷನ್ ಆದ ಮೇಲೆ ಸೊರಬದ ತಂಗಿ ಬಸವಣ್ಣೆಮ್ಮನ ಮನೆಯಲ್ಲಿ ವಿಶ್ರಾಂತಿ ಎಂದೂ ಆಯಿತು. ಮಹಾದೇವಮ್ಮ ಎಲ್ಲದಕ್ಕೂ ಹೂಂ ಎಂದು, ಹೊರಡುವ ಹಿಂದಿನ ದಿನ, "ಚಿಗಳಿನ ಯಾರು ಒತ್ತತಾರೆ?" ಎಂದು ಕೂತುಬಿಡುವರು. ಹೀಗೆ ದಿನಾಂಕ ಎರಡು ಬಾರಿ ಮುಂದೆ ಹೋಯಿತು. ಮೂರನೆಯ ಸಲ ನೋವು ಎಂಥದ್ದು ಬಂತೆಂದರೆ ಅವರು ಹಿತ್ತಿಲಲ್ಲೇ ಕುಸಿದರು, ಮಡಿಲಲ್ಲಿ ಬೆಕ್ಕು. ಅದನ್ನು ನೋಡಿದ ಬೆನಕಪ್ಪನವರು ಮಂಡಿಯ ದನಿಯಲ್ಲಿ ಕೂಗಿದರು:

"ನಾ ಒತ್ತತೀನಿ! ನೀ ಹೋಗು!"

ಮಹಾದೇವಮ್ಮ ಆ ನೋವಿನಲ್ಲೂ ನಕ್ಕರಂತೆ.

ಆದರೆ ತರಬೇತಿ ಕೊಟ್ಟರು. ಮೊದಲು ನೀರು ತುಂಬಿದ ಬಲೂನಿನ ಮೇಲೆ. ಬೆನಕಪ್ಪನವರ ಕೈ ಜೋಳದ ಚೀಲ ಹಿಸುಕಿ ನೋಡಿದ ಕೈ. ಬಲೂನು ಒಡೆದು ಅಂಗಿಯೆಲ್ಲ ಒದ್ದೆ. ಇನ್ನೊಂದು ಬಲೂನು, ಮತ್ತೆ ಒದ್ದೆ. "ನಿಂಬೆಹಣ್ಣು ಹಿಂಡೋದಲ್ರೀ ಅದು, ಹಣ್ಣಾಗೈತೋ ಇಲ್ಲೋ ಅಂತ ಮುಟ್ಟಿ ನೋಡೋದು!" ಕೊನೆಗೆ ಬೆಕ್ಕಿನ ಮೇಲೆ. ಮಹಾದೇವಮ್ಮ ಎದುರಿಗೆ ಕೂತು ಬಾಯಲ್ಲೇ ಏನೋ ಮಣಮಣ ಎನ್ನುತ್ತಿದ್ದರು. ಬೆನಕಪ್ಪನವರು ಒತ್ತಿದರು. ಬಂತು! ಅವತ್ತು ಮಂಡಿಯಲ್ಲಿ ಎಲ್ಲರಿಗೂ ಟೀ ಕುಡಿಸಿದರು, ಯಾಕೆಂದು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಬೆಕ್ಕಿನ ಕೆಲಸ ಮುಗಿಸಿ ಮಹಾದೇವಮ್ಮ ಶಿವಮೊಗ್ಗದ ಬಸ್ಸು ಹತ್ತಿದರು. ಸೋಮವಾರ ಬೆಳಿಗ್ಗೆ ಆಪರೇಷನ್. ಭಾನುವಾರ ಸಂಜೆ ಬೆನಕಪ್ಪನವರು ತೋಳು ಮಡಚಿ, ಬೆಕ್ಕನ್ನು ಕಟ್ಟೆಯ ಮೇಲೆ ಇಟ್ಟುಕೊಂಡು ಕೂತರು. ಕೈಯಿಟ್ಟರು. ಚಿಗಳಿ ಹೊಟ್ಟೆಯನ್ನು ಕಲ್ಲು ಮಾಡಿಕೊಂಡಿತು. ಇನ್ನೊಮ್ಮೆ ಇಟ್ಟರು. ಕಚ್ಚಿತು.

"ಮೇಷ್ಟ್ರೇ! ಒಂಚೂರು ಬರ್ರಿ ಇಲ್ಲಿ!"

ನಾನು ಹೋದೆ. ತಲೆ ಹಿಡಿಯುವುದು ನನ್ನ ಪಾಲಿನ ಕೆಲಸ. ಹಿಡಿದೆ. ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ತುಂಗಭದ್ರೆಯ ಉಪನದಿಗಳ ನಕಾಶೆ ಮೂಡಿತು. ಗೋಡೆಯ ಮೇಲಿಂದ ನೋಡುತ್ತಿದ್ದ ನನ್ನ ಹೆಂಡತಿಯನ್ನು ನೀನಾದರೂ ಬಾ ಎಂದೆ. "ಒತ್ತಿ ಒತ್ತಿ ಕೆಲಸ ಮಾಡಿಸಬೇಕಾದ ಪ್ರಾಣಿ ನಮ್ಮನೇಲೂ ಒಂದಿದೆ, ಅಷ್ಟು ಸಾಕು ನನಗೆ," ಎಂದು ಒಳಗೆ ಹೋದಳು.

ಅಷ್ಟರಲ್ಲಿ ಫೋನು. ಮಹಾದೇವಮ್ಮ.

"ಆತೇನ್ರೀ?"

"ಆಗ್ತಾ ಐತೆ," ಎಂದರು ಬೆನಕಪ್ಪನವರು, ಕಚ್ಚಿದ ಬೆರಳನ್ನು ಬಾಯಿಂದ ತೆಗೆದು.

"ಆಗಿಲ್ಲ ಅಂದ್ರೆ ಆಗಿಲ್ಲ ಅನ್ರಿ. ಕೊನೇ ಬಸ್ಸು ಇನ್ನೂ ಐತೆ, ಬಂದ್ಬಿಡ್ತೀನಿ. ಈ ಕಲ್ಲು ಎಲ್ಲಿಗೂ ಓಡಿ ಹೋಗಲ್ಲ."

"ನಿನ್ನ ಕಲ್ಲು ಓಡಲ್ಲ, ನೀ ಓಡಿ ಬರಬ್ಯಾಡ ಅಷ್ಟೇ. ಆಮೇಲೆ ಮಾಡ್ತೀನಿ," ಎಂದು ಫೋನಿಟ್ಟು ಅವರು ನನ್ನ ಮುಖ ನೋಡಿದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣದಾಗಿ ಕೂತಿದ್ದನ್ನು ನಾನು ನೋಡಿರಲಿಲ್ಲ. ದನದಾಸ್ಪತ್ರೆಗೆ ಬೀಗ. ಡಾಕ್ಟರ್ ಸೌಂದರ್ಯ ರಜೆಯಲ್ಲಿ ಊರಿಗೆ ಹೋಗಿದ್ದರು. ಬೆಕ್ಕಿನ ಹೊಟ್ಟೆ ಉಬ್ಬಿ ಕೈಗೆ ತಾಗುತ್ತಿತ್ತು. ಆಗದಿದ್ದರೆ ಒಂದೋ ಬೆಕ್ಕು ಹೋಗಬೇಕು, ಇಲ್ಲವೇ ಆಪರೇಷನ್ ಬಿಟ್ಟು ಹೆಂಡತಿ ಬರಬೇಕು.

ಬೆನಕಪ್ಪನವರು ಸುಮ್ಮನೆ ಹಿತ್ತಿಲ ಹಳೇ ಗೋದಲಿಯನ್ನೇ ನೋಡುತ್ತ ಕೂತಿದ್ದವರು ಇದ್ದಕ್ಕಿದ್ದಂತೆ, "ಸೀರೆ," ಎಂದರು.

"ಏನು?"

"ನಮ್ಮ ಅವ್ವ ತವರಿಗೆ ಹೋದಾಗ ಆಕಳು ಯಾರಿಗೂ ಹಾಲು ಬಿಡ್ತಿರಲಿಲ್ಲ. ಅಪ್ಪ ಏನು ಮಾಡ್ತಿದ್ದ? ಅವ್ವನ ಸೀರೆ ಉಟ್ಕಂಡು, ಸೆರಗು ತಲೆ ಮೇಲೆ ಹೊದ್ದು ಕರೀತಿದ್ದ. ಆಕಳು ಅವ್ವ ಬಂದ್ಲು ಅಂದ್ಕಂಡು ಬಿಡ್ತಿತ್ತು. ಇದಕ್ಕೂ ಅಷ್ಟೇ ಅಲ್ಲೇನ್ರೀ? ಹೊತ್ತಿಗೆ ಸರಿಯಾಗಿ ಎರಡು ಸಲ. ಕೈ ಪರಿಚಯ ಬೇಕು."

ಇತಿಹಾಸದಲ್ಲಿ ಇದಕ್ಕೆ ಆಧಾರವಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಒಳಗೆ ಹೋದ ಬೆನಕಪ್ಪನವರು ಬೀರುವಿನಿಂದ ಇಸ್ತ್ರಿ ಮಾಡಿದ ನೀಲಿ ಸೀರೆ ತಂದರು. ಅವರಿಗೆ ಉಡಲು ಬಾರದು, ನನಗೆ ಉಡಿಸಲು ಬಾರದು. ಸೊಂಟಕ್ಕೆ ಒಂದು ಸುತ್ತು ಸುತ್ತಿ ನೆರಿಗೆಯ ಹತ್ತಿರ ನಿಂತಾಗ ಹಿತ್ತಿಲ ಗೇಟು ಕಿರ್ ಎಂದಿತು. ಅಂಬ್ಲಿಗೊಳದ ಕಡೆಯ ರೈತ ಹೂವಪ್ಪ, ಮಂಡಿಗೆ ಜೋಳ ಹಾಕುವವನು, ರೇಟು ಕೇಳಲು ಬಂದಿದ್ದ.

ಮೂವರೂ ಹಾಗೇ ನಿಂತೆವು. ಬೆಕ್ಕೊಂದೇ ಮಾಮೂಲಾಗಿತ್ತು.

ಹೂವಪ್ಪ ನಗಲಿಲ್ಲ. ಸೀರೆ ನೋಡಿದ, ಬೆಕ್ಕು ನೋಡಿದ, ಚಪ್ಪಲಿ ಬಿಟ್ಟು ಒಳಗೆ ಬಂದ. "ಇಸ್ತ್ರಿ ಸೀರೆ ಆಗಂಗಿಲ್ಲ ಸಾವ್ಕಾರ್ರೆ. ಉಟ್ಟು ಬಿಚ್ಚಿದ್ದು ಬೇಕು. ವಾಸನಿ ಇರಬೇಕು. ನಮ್ಮ ಎಮ್ಮಿಗೆ ನಾ ವರ್ಷಕ್ಕೆರಡು ಸಲ ಉಡ್ತೀನಿ, ನಂಗೊತ್ತಿಲ್ಲೇನು?"

ಹೀಗೆ ಬಂತು ಬಚ್ಚಲ ಗೂಟದಿಂದ ಆ ಹಸಿರು ಚೌಕಳಿ ಸೀರೆ. ಹೂವಪ್ಪ ಸುತ್ತಿಸಿದ, ನಾನು ನೆರಿಗೆ ಹಿಡಿದೆ, ಬೆನಕಪ್ಪನವರು ಉಸಿರು ಹಿಡಿದರು. ಸೆರಗನ್ನು ತಲೆಯ ಮೇಲೆಳೆದು ಮೀಸೆ ಮುಚ್ಚಿಕೊಂಡು ಕೂತಾಗ, ನಿಜ ಹೇಳುತ್ತೇನೆ, ಸಂಜೆ ಬೆಳಕಿನಲ್ಲಿ ಒಂದು ಗಳಿಗೆ ನನಗೂ ಮಹಾದೇವಮ್ಮನೇ ಎನಿಸಿತು, ಸ್ವಲ್ಪ ಜೋಳದ ಚೀಲ ತುಂಬಿದ ಮಹಾದೇವಮ್ಮ. ಚಿಗಳಿ ಸೆರಗು ಮೂಸಿತು. ಕಚ್ಚಲಿಲ್ಲ. ಮಡಿಲಲ್ಲಿ ಕೂತಿತು. ಆದರೆ ಹೊಟ್ಟೆ ಮಾತ್ರ ಕಲ್ಲೇ.

"ಏನೋ ಒಂದು ಕಮ್ಮಿ ಐತಿ," ಎಂದ ಹೂವಪ್ಪ.

ಏನು ಕಮ್ಮಿ? ಆಗ ನನಗೆ ಹೊಳೆಯಿತು. ಇವತ್ತು ಸಂಜೆ ಗೋಡೆಯಾಚೆ ಬೈಗುಳವಿಲ್ಲ! ಎರಡು ವರ್ಷ ತಪ್ಪದೆ ಕೇಳಿದ ಆ ಬೈಗುಳದ ಹೊತ್ತಿಗೆ ಬೆನಕಪ್ಪನವರು ಒಂದೋ ಪೂಜೆಯ ಗಂಟೆ ಬಾರಿಸುತ್ತ ದೇವರ ಕೋಣೆಯಲ್ಲಿ, ಇಲ್ಲವೇ ಮಂಡಿಯಲ್ಲಿ. ಹಾಗಾದರೆ ಮಹಾದೇವಮ್ಮ ಅಷ್ಟೂ ಹೇಳುತ್ತಿದ್ದುದು ಯಾರಿಗೆ? ಬೆಕ್ಕಿಗೆ!

"ಬೆನಕಪ್ನೋರೆ, ಅಮ್ಮ ಒತ್ತುವಾಗ ಮಾತಾಡ್ತಾ ಇರ್ತಾರೆ. ಬೆಕ್ಕಿಗೆ ಆ ಮಾತು ಬೇಕು."

"ಹೌದು ಕಣ್ರೀ, ಏನೋ ಮಣಮಣ ಅಂತಿದ್ಲು. ಮಂತ್ರ ಅಂದ್ಕಂಡೆ. ಏನದು?"

"ಫೋನು ಹಚ್ಚಿ ಅವರ ಹತ್ರಾನೇ..."

"ಹಚ್ಚಿದ್ರೆ ಆಗಿಲ್ಲ ಅಂತ ಗೊತ್ತಾಗಿ ಎದ್ದು ಬರ್ತಾಳೆ. ನಿಮಗೆ ಗೊತ್ತಿದ್ರೆ ನೀವೇ ಹೇಳ್ರಿ."

ಗೊತ್ತಿತ್ತು. ಕಂಠಪಾಠ. ಆದರೆ ಹೇಳುವುದು ಹೇಗೆ? ನಾನು ನೆರಿಗೆ ಹಿಡಿದೇ ಕೂತು, ಮುಖ ಅತ್ತ ತಿರುಗಿಸಿ, ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಹೇಳಿಕೊಟ್ಟೆ: "ಚಪ್ಲಿ ಎಲ್ಲಿ ಬಿಡಬೇಕು ಅಂತ ಇನ್ನೂ ಗೊತ್ತಾಗಿಲ್ಲ ಕಣೇ ಈ ಮನುಷ್ಯಂಗೆ."

"ಯಾವ ಮನುಷ್ಯಂಗೆ?"

"ನೀವು ಸುಮ್ನೆ ಅನ್ರಿ."

ಅಂದರು. ಚಿಗಳಿಯ ಕಿವಿ ಅವರತ್ತ ತಿರುಗಿತು.

"ಕರೆಂಟ್ ಬಿಲ್ಲು ಬಂದ್ರೆ ಸರ್ಕಾರಕ್ಕೆ ಬೈತಾರೆ, ಬಚ್ಚಲ ಲೈಟು ಆರ್ಸಲ್ಲ." ಅದನ್ನೂ ಅಂದರು. "ಉಂಡ ತಟ್ಟೆ ಒಂದು ದಿನಾನೂ ಎತ್ತಲಿಲ್ಲ." ಅಂದರು, ಸ್ವಲ್ಪ ನಿಧಾನವಾಗಿ. "ಸೊರಬಕ್ಕೆ ತಂಗಿ ಮನೆಗೆ ಕರ್ಕಂಡು ಹೋಗ್ರಿ ಅಂದ್ರೆ ಬಸ್ಸಲ್ಲಿ ಸೊಂಟ ನೋಯ್ತೈತೆ. ದಾವಣಗೆರೆ ಮಂಡಿಗೆ ಹೋಗಾಗ ಆ ಸೊಂಟ ಎಲ್ಲಿರ್ತೈತೋ."

ಬೆನಕಪ್ಪನವರು ಸೆರಗು ಸರಿಸಿ ನನ್ನನ್ನು ನೋಡಿದರು. "ಅಷ್ಟೂ ನನ್ನ ಮೇಲೇ ಏನ್ರೀ?"

"ಹೊಟ್ಟಿ ಸಡಿಲ ಬಿಡ್ತಾ ಐತಿ ಸಾವ್ಕಾರ್ರೆ, ನಿಲ್ಲಿಸಬ್ಯಾಡ್ರಿ!" ಎಂದ ಹೂವಪ್ಪ.

ಮುಂದಿನ ಸಾಲು ನನ್ನ ಮೇಲಿತ್ತು. ಸಂಪಾದಕರ ಅಧಿಕಾರ ಬಳಸಿ ಅದನ್ನು ಹಾರಿಸಿ ಅದರಾಚೆಯದನ್ನು ಹೇಳಿಕೊಟ್ಟೆ. ಚಿಗಳಿಯ ಹೊಟ್ಟೆ ಫಕ್ಕನೆ ಬಿಗಿಯಿತು.

"ನಡುವೆ ಏನೋ ನುಂಗಿದ್ರಿ ಮೇಷ್ಟ್ರೇ," ಎಂದರು ಬೆನಕಪ್ಪನವರು.

ಬೇರೆ ದಾರಿಯಿರಲಿಲ್ಲ. "ಪಕ್ಕದ ಮನೆ ಮೇಷ್ಟ್ರು ಏನೇನೋ ಗೀಚಿ ಪೇಪರ್ರಿಗೆ ಕಳಿಸ್ತಾರೆ, ಒಬ್ರೂ ಓದಲ್ಲ. ಆದ್ರೂ ತರಕಾರಿನಾದ್ರೂ ತಂದು ಹಾಕ್ತಾರೆ ಕಣೇ." ಈ ಸಾಲನ್ನು ಬೆನಕಪ್ಪನವರು ಬಹಳ ಸ್ಪಷ್ಟವಾಗಿ ಹೇಳಿದರು. ಎರಡು ಸಲ ಹೇಳಿದಂತೆಯೂ ನೆನಪು.

ಉಳಿದಿದ್ದು ಕೊನೆಯ ಸಾಲು. ನಾನು ತಡೆದೆ. ಅವರು ಹೇಳ್ರಿ ಎಂದು ಕಣ್ಣಿನಲ್ಲೇ ಕೇಳಿದರು.

"ಆ ಶಟರ್ ಮಾಡ್ಸಲಿಲ್ಲ ನೋಡು. ಮಾಡ್ಸಣ ಮಾಡ್ಸಣ ಅಂತ ನನ್ನ ಕೂಸಿನ ಜೀವನಾನೇ ಹಾಳು ಮಾಡಿದ್ರು."

ಬೆನಕಪ್ಪನವರು ಜೋತುಬಿದ್ದ ಆ ಬಾಲವನ್ನು ನೋಡಿದರು. ಆಮೇಲೆ ಮಂಡಿಯ ದನಿಯೂ ಅಲ್ಲ, ಮಹಾದೇವಮ್ಮನ ದನಿಯೂ ಅಲ್ಲ, ನಾನು ಹಿಂದೆ ಕೇಳಿರದ ಒಂದು ದನಿಯಲ್ಲಿ, "ಶಟರ್ ಮಾಡ್ಸಲಿಲ್ಲ ಕಣೇ ಚಿಗಳೀ," ಎಂದರು. "ನಾನೇ ಮಾಡ್ಸಲಿಲ್ಲ."

ಕೈ ತಾನಾಗಿ ಮೆತ್ತಗಾಗಿತ್ತೋ, ಬೆಕ್ಕೇ ಮೆತ್ತಗಾಯಿತೋ ಹೇಳಲಾರೆ. ಬೆಚ್ಚಗೆ, ಧಾರೆಯಾಗಿ ಬಂತು. ಪರಾತದ ಹೊಟ್ಟಿನ ಮೇಲೆ, ಹಸಿರು ಚೌಕಳಿಯ ನೆರಿಗೆಯ ಮೇಲೆ, ನೆರಿಗೆ ಹಿಡಿದು ಕೂತಿದ್ದ ನನ್ನ ಪಾದದ ಮೇಲೆ.

"ಬಂತು! ಬಂತ್ರೀ ಮೇಷ್ಟ್ರೇ! ಬಂತೋ ಹೂವಪ್ಪಾ!"

ಆ ಕೂಗಿಗೆ ಬೀದಿಯವರೆಲ್ಲ ಓಡಿ ಬಂದರು. ಹೀಗಾಗಿ ಸುದ್ದಿ ಹಬ್ಬಿಸಿದ ಅಪವಾದ ಹೂವಪ್ಪನ ಮೇಲೆ ಹೊರಿಸುವಂತಿಲ್ಲ. ಬೆನಕಪ್ಪನವರು ಸೀರೆ ಬಿಚ್ಚುವ ಗೋಜಿಗೂ ಹೋಗದೆ ಫೋನು ಹಚ್ಚಿದರು.

"ಆತು!"

"ಎಷ್ಟು ಬಂತ್ರೀ?"

"ಒಂದು ಸಣ್ಣ ಲೋಟ."

"ಬಣ್ಣ?"

"ತಿಳಿ ಹಳದಿ. ರಕ್ತ ಗಿಕ್ತ ಇಲ್ಲ. ತೊಡಿಗೆ ಎಣ್ಣಿ ಹಚ್ತಾ ಇದೀನಿ. ನೀ ನಾಳೆ ಒಳಗೆ ಹೋಗು, ಧೈರ್ಯವಾಗಿ ಹೋಗು."

"ಎಣ್ಣಿ ಬೆಚ್ಚಗೆ ಮಾಡಿ ಹಚ್ರಿ," ಎಂದು ಮಹಾದೇವಮ್ಮ ಫೋನಿಟ್ಟರು. ಮರುದಿನ ಆಪರೇಷನ್ ಸುಸೂತ್ರವಾಗಿ ಆಯಿತು. ಕಲ್ಲುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟರಂತೆ.

ಮಂಡಿಯಲ್ಲಿ ಎದುರಿನ ಅಂಗಡಿಯ ಶೇಷಪ್ಪ ಕಾದುಕೊಂಡಿದ್ದ. ರೈತರು ತುಂಬಿದ್ದ ಹೊತ್ತು ನೋಡಿ, "ಏನೋ ಬೆನಕಪ್ಪಾ, ಇವತ್ತು ಪಂಚೆ? ಸೀರೆ ಒಗೆಯಾಕೆ ಹಾಕಿದ್ಯೇನು?" ಎಂದು ಕೂಗಿದ. ಯಾರ್ಡಿಗೆ ಯಾರ್ಡೇ ನಕ್ಕಿತು. ಬೆನಕಪ್ಪನವರು ಸಾವಧಾನವಾಗಿ ಎದ್ದು ನಿಂತು, ತಮ್ಮ ಹಳೇ ಹರಾಜಿನ ಗಂಟಲಿನಲ್ಲಿ ಹೇಳಿದರು: "ಹೌದಲೇ ಶೇಷಪ್ಪಾ, ಉಟ್ಟಿದ್ದೆ. ಸಂಜಿಗೂ ಉಡ್ತೀನಿ. ನಿಂಗೆ ಒಂದು ಹೊತ್ತು ಉಚ್ಚೆ ಕಟ್ಟಿದ್ರೆ ತಿಳೀತಿತ್ತು. ಬಿಡಿಸೋರು ಯಾರ ಸೀರೆ ಉಟ್ಕಂಡು ಬಂದ್ರೂ ನೀ ಅವರ ಕಾಲು ಹಿಡೀತಿದ್ದೆ!" ನಕ್ಕ ಯಾರ್ಡು ಈಗ ಇನ್ನೊಂದು ಕಡೆ ತಿರುಗಿ ನಕ್ಕಿತು. ಇದನ್ನು ನಾನು ಕಣ್ಣಾರೆ ನೋಡಿಲ್ಲ. ಬೆನಕಪ್ಪನವರೇ ನನಗೆ ಹೇಳಿದ್ದು, ನಾಲ್ಕೈದು ಸಲ.

ಹೆಂಡತಿ ಸೊರಬದಲ್ಲಿದ್ದಾಗ ಅವರು ಎರಡು ಕೆಲಸ ಮಾಡಿದರು. ಒಂದು, ಶಟರಿಗೆ ಹೊಸ ಸ್ಪ್ರಿಂಗು ಹಾಕಿಸಿದರು. ಈಗ ಅದು ಕಿರುಬೆರಳಿಗೆ ಮೇಲೇಳುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಎರಡು, ಸೊಂಟವನ್ನೂ ಬೆಕ್ಕನ್ನೂ ಕಟ್ಟಿಕೊಂಡು ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲೇ ಸೊರಬಕ್ಕೆ ಹೋಗಿ, ಹೆಂಡತಿಯ ತಂಗಿಯ ಮನೆಯ ಜಗಲಿಯಲ್ಲಿ ಕೂತು, ಎಲ್ಲರೆದುರು ಸಂಜೆಯ ಕೆಲಸ ಮಾಡಿ ತೋರಿಸಿದರು. ಸೀರೆ ಆಗ ಹೆಗಲ ಮೇಲೆ ಟವೆಲಿನಂತೆ ಇದ್ದರೆ ಸಾಕಾಗಿತ್ತು. ಸಾಲುಗಳು ಮಾತ್ರ ಪೂರ್ತಿ ಬೇಕು. ಬಸವಣ್ಣೆಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡು, "ಎಂತ ಕತೆ ಅಕ್ಕಾ ಇದು! ಭಾವ ತನ್ನ ತಪ್ಪು ತಾನೇ ಓದ್ತಾ ಇದಾರಲ್ಲೇ!" ಎಂದರಂತೆ. ಮಹಾದೇವಮ್ಮ ಹೊಲಿಗೆ ಎಳೆಯುತ್ತದೆಂದು ನಗು ತಡೆದುಕೊಂಡು, "ಸುಮ್ನಿರೇ, ಬೆಕ್ಕು ಬಿಗೀತೈತೆ," ಎಂದರಂತೆ. ಆಮೇಲೆ ತಂಗಿಯ ಕಿವಿಯಲ್ಲಿ, "ನಮ್ಮನೆಯವರಿಗೆ ಕೈ ಐತೆ ಕಣೇ," ಎಂದದ್ದನ್ನು ಬೆನಕಪ್ಪನವರು ಕೇಳಿಸಿಕೊಂಡು ಬಂದು ನನಗೆ ವರದಿ ಮಾಡಿದರು.

ಮಹಾದೇವಮ್ಮ ಮನೆಗೆ ಬಂದು, ಬಗ್ಗಬಹುದು ಎಂದು ಡಾಕ್ಟರು ಹೇಳಿದ ದಿನವೇ ಚಿಗಳಿಯನ್ನು ಎತ್ತಿಕೊಳ್ಳಲು ಹೋದರು. ಬೆನಕಪ್ಪನವರು ಬಿಡಲಿಲ್ಲ. "ನೀ ಕೂರು. ಕೈ ಬದಲಾಗಬಾರದು." ಹೀಗಾಗಿ ಈಗ ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುವುದು ಮಹಾದೇವಮ್ಮ. ಬೆನಕಪ್ಪನವರ ದನಿ ದೊಡ್ಡದಾದ್ದರಿಂದ ನನ್ನ ಮೇಲಿನ ಸಾಲು ದಿನಕ್ಕೆರಡು ಬಾರಿ ಇಡೀ ಬೀದಿಗೆ ಕೇಳುತ್ತದೆ. ಆ ಹೊತ್ತಿಗೆ ನಾನು ತರಕಾರಿ ತರಲು ಹೋಗಿರುತ್ತೇನೆ.

ನಿನ್ನೆ ಸಂಜೆ ಬೇಗ ಬಂದಿದ್ದೆ. ಗೋಡೆಯಾಚೆ ತಟ್ಟೆಯ ಸಾಲಾಯಿತು, ಸೊರಬದ ಸಾಲಾಯಿತು. ಅವೆರಡೂ ಈಗ ಸುಳ್ಳು. ತಟ್ಟೆ ಅವರೇ ಎತ್ತಿಡುತ್ತಾರೆ. ಕೊನೆಗೆ ಬೆನಕಪ್ಪನವರು, "ಆ ಶಟರ್ ಮಾಡ್ಸಲಿಲ್ಲ ನೋಡು..." ಎಂದು ಶುರು ಮಾಡಿದರು.

"ಶಟರ್ ಆತಲ್ರೀ," ಎಂದರು ಮಹಾದೇವಮ್ಮ. "ಇನ್ನೂ ಯಾಕೆ ಅದೊಂದು? ಬಿಟ್ಬಿಡ್ರಿ."

"ನಿಂಗೆ ಆತು ಮಾದೇವಿ," ಎಂದರು ಬೆನಕಪ್ಪನವರು. "ಇವಳಿಗೆ ಆಗಿಲ್ಲಲ್ಲ."

ಆಮೇಲೆ ಪರಾತದ ಹೊಟ್ಟಿನ ಮೇಲೆ ಬಿದ್ದ ಧಾರೆಯ ಸದ್ದು ಗೋಡೆಯ ಈಚೆಗೂ ಕೇಳಿತು.